ಟವೆಲ್ ಕೆಳಗೆ ಕೊಂಡ ಡಿಗ್ರಿ

ನಿಮ್ಮ ಚಿಕ್ಕತಾತ, ಅಂದರೆ ನನ್ನ ಮೈದುನ, ಕಾಲೇಜಿಗೆ ಹೋಗಿ ಡಿಗ್ರಿಯ ಹಲ್ಲು ನೋಡಿ ಬಂದ ಮನುಷ್ಯ. ನಗಬೇಡಿ. ಹಲ್ಲು ನೋಡದೆ ಅವರು ಏನನ್ನೂ ಕೊಂಡವರಲ್ಲ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಹಲ್ಲನ್ನೇ ನೋಡುತ್ತಿದ್ದರು ಎಂದು ನಿಮ್ಮ ತಾತ ಹೇಳುತ್ತಿದ್ದರು.

ಅವರದು ದನದ ದಲ್ಲಾಳಿ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರ ಕೊಟ್ಟಿಗೆಯಲ್ಲಿ ಎಂಥ ಎತ್ತಿದೆ ಎಂದು ಅವರಿಗೆ ಗೊತ್ತು. ಕೊಟ್ಟಿಗೆಯ ಯಜಮಾನನ ಹೆಸರು ಮಾತ್ರ ನೆನಪಿರುವುದಿಲ್ಲ. "ಅದೇ ಕಣವ್ವ, ಎಡಗೊಂಬು ಸೊಟ್ಟ ಇತ್ತಲ್ಲ, ಅವರ ಮನೆ" ಅನ್ನುತ್ತಾರೆ. ಸೊಟ್ಟ ಇದ್ದದ್ದು ಎತ್ತಿನ ಕೊಂಬೋ ಯಜಮಾನನ ಮೀಸೆಯೋ, ನಾವೇ ಊಹಿಸಬೇಕು.

ದನದ ವ್ಯಾಪಾರವನ್ನು ನೀವು ನೋಡಿಲ್ಲ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು ಮೇಲೊಂದು ಟವೆಲ್ ಮುಚ್ಚುತ್ತಾರೆ. ಒಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಒಪ್ಪಿಗೆಯಾದರೆ ಇಡೀ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಟವೆಲ್ ಒಳಗೆ ನಡೆದದ್ದನ್ನು ಇಬ್ಬರೂ ಹೊರಗೆ ಹೇಳುವ ಹಾಗಿಲ್ಲ.

ಬಾಯಿ ಬಿಡದೆ ವ್ಯವಹಾರ ಮುಗಿಯುವ ಈ ಪದ್ಧತಿ ನನ್ನಂಥವಳಿಗೇ ಹೇಳಿ ಮಾಡಿಸಿದ್ದು. ಮಿರ್ಲೆಯ ಶಾಲೆಯಲ್ಲಿ ನಾನು ಏಳನೆಯ ತರಗತಿವರೆಗೆ ಓದಿದೆ. ಹಾಜರಿ ಕೂಗಿದಾಗ ನಾನು ಹೇಳುತ್ತಿದ್ದ "ಬಂದಿದ್ದೀನಿ ಸಾರ್" ಪಕ್ಕದ ಹುಡುಗಿಗೂ ಕೇಳುತ್ತಿರಲಿಲ್ಲ. ದಿನವೂ ಶಾಲೆಗೆ ಹೋಗಿ ಅರ್ಧ ವರ್ಷ ಗೈರುಹಾಜರಾದವಳು ನಾನೊಬ್ಬಳೇ ಇರಬೇಕು.

ನಿಮ್ಮ ದೊಡ್ಡಕ್ಕನಿಗೆ ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತು. ತಿಂಗಳೊಳಗೆ ಮೊದಲ ವರ್ಷದ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಫೀಸಿನ ಕಾಗದ ನೋಡಿ ನನ್ನ ಮಗ, ಅಂದರೆ ಅವಳಪ್ಪ, ಜಗಲಿಯ ಮೇಲೆ ಕೂತವನು ಊಟಕ್ಕೂ ಏಳಲಿಲ್ಲ. ಚಿಕ್ಕತಾತ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಎದ್ದು ನಿಂತರು.

"ಇಷ್ಟು ದುಡ್ಡು ಕೊಟ್ಟು, ಮಾಲು ನೋಡ್ದೆ ತರಾಕಾಯ್ತದಾ? ನಡೀರಿ ಅತ್ಗಮ್ಮ, ನೋಡ್ಕಂಡು ಬರಾನ."

ನನ್ನನ್ನು ಯಾಕೆ ಕರೆದರೋ. ಜೊತೆಗೊಬ್ಬ ಸಾಕ್ಷಿ ಇರಲಿ, ಆದರೆ ಸಾಕ್ಷಿ ಬಾಯಿ ಬಿಡದಿರಲಿ ಅಂತ ಇರಬಹುದು.

ಕಾಲೇಜಿನಲ್ಲಿ ಅವರು ಮೊದಲು ಗೋಡೆ ತಟ್ಟಿದರು. ಹಾಸ್ಟೆಲಿನ ಸಾರನ್ನು ಅಂಗೈಗೆ ಹಾಕಿಸಿಕೊಂಡು ಕುಡಿದರು. ಆಮೇಲೆ ಆಫೀಸಿನ ಗುಮಾಸ್ತನ ಮುಂದೆ ಕೂತು, "ಇಲ್ಲಿ ಓದಿರೋರು ಒಬ್ರನ್ನ ಕರೀರಿ. ನಡ್ಸಿ ನೋಡ್ಬೇಕು" ಅಂದರು.

"ನಡ್ಸೋದು ಅಂದ್ರೆ?"

"ಎತ್ತು ಕೊಂಡ್ಕೊಳೋವಾಗ ಗಾಡಿಗೆ ಕಟ್ಟಿ ನಡ್ಸಲ್ವಾ ಸ್ವಾಮಿ? ಅಂಗೆ."

ಅಲ್ಲೇ ಇದ್ದ ಕೊನೆಯ ವರ್ಷದ ಹುಡುಗಿಯೊಬ್ಬಳು ನಗುತ್ತಾ ಬಂದು ಇವರ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿದಳು. ಗಾಳಿ ಊದಿದಳು, ನೋಡಿದಳು, ನಗುವುದನ್ನು ನಿಲ್ಲಿಸಿದಳು. "ತಾತ, ತುಂಬಾ ಜಾಸ್ತಿ ಇದೆ. ಮಾತ್ರೆ ತಗೊತೀರಾ?"

ಚಿಕ್ಕತಾತ ನನ್ನ ಕಡೆ ತಿರುಗಿ, "ಮಾಲು ಚೆನ್ನಾಗದೆ ಅತ್ಗಮ್ಮ. ರೇಟೇ ಜಾಸ್ತಿ" ಅಂದರು. ಜಾಸ್ತಿ ಇದ್ದದ್ದು ರೇಟಲ್ಲ, ಅವರ ಬಿ.ಪಿ. ಮಾತ್ರೆಯ ವಿಷಯ ಅವರ ಕಿವಿಗೆ ಬೀಳಲೇ ಇಲ್ಲ. ನನ್ನ ಕಿವಿಗೆ ಬಿದ್ದಿತ್ತು, ನಾನಾದರೂ ನೆನಪಿಸಬೇಕಿತ್ತು. ಹೇಳಿದೆನಲ್ಲ, ನನಗೆ ಬಾಯಿಲ್ಲ.

ನಂತರ ಹೆಗಲ ಮೇಲಿನ ಟವೆಲ್ ತೆಗೆದು ಗುಮಾಸ್ತನ ಕೈಮೇಲೆ ಹಾಸಿದರು. ಆತ ಹಾವು ಕಂಡವನ ಹಾಗೆ ಕೈ ಎಳೆದುಕೊಂಡ. "ಯಜಮಾನ್ರೇ, ಇಲ್ಲಿ ಎಲ್ಲಾ ಫಿಕ್ಸು."

"ಇರ್ಲಿ ಬುಡಿ. ಕೈ ಕೊಡಿ, ಮಾತಾಡಾನ."

ಆ ಹೊತ್ತಿಗೆ ನಾನು ನಾಚಿಕೆಯಿಂದ ಕಂಬದ ಹಿಂದೆ ಸರಿದು, ಗೋಡೆಯ ಸೂಚನಾ ಫಲಕದ ಕಡೆ ಮುಖ ಮಾಡಿ ಗಂಭೀರವಾಗಿ ಓದುತ್ತಿದ್ದೆ. ಎಷ್ಟು ಗಂಭೀರವಾಗಿ ಅಂದರೆ, ದಾರಿಯಲ್ಲಿ ಹೋಗುತ್ತಿದ್ದ ಮೇಡಂ ಒಬ್ಬರು, "ಏನಮ್ಮ, ಹುಡುಗರ ಹಾಸ್ಟೆಲ್ಲಿಗೆ ಯಾರನ್ನ ಸೇರಿಸ್ಬೇಕು?" ಎಂದು ಕೇಳಿದರು. ಅಲ್ಲಿ ಬರೆದಿದ್ದದ್ದು ಅದಂತೆ.

ಫೀಸಿನಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ಅರ್ಜಿ ಫಾರಮ್ಮಿನ ಹಣ ಮಾತ್ರ ಬಿಟ್ಟರು, ಇವರು ಎದ್ದು ಹೋದರೆ ಸಾಕೆಂದು. ಬಸ್ಸಿನಲ್ಲಿ ಆ ಗೆಲುವನ್ನು ಕಂಡಕ್ಟರಿಗೂ ಹೇಳಿದರು.

ಇನ್ನುಳಿದದ್ದು ಬ್ಯಾಂಕಿನ ಸಾಲ. ಅವಳಪ್ಪನನ್ನು ಬ್ಯಾಂಕಿನವರು ಒಪ್ಪಲಿಲ್ಲ, ಅವನು ಟ್ರ್ಯಾಕ್ಟರಿನ ಕಂತು ಎರಡು ಸಲ ತಪ್ಪಿಸಿದ್ದ. ಯಾರ ಹೆಸರಿನಲ್ಲಿ ಕಳಂಕವಿಲ್ಲ ಎಂದು ಹುಡುಕಿದರೆ ಸಿಕ್ಕವಳು ನಾನು. ನಿಮ್ಮ ತಾತ ಚುಂಚನಕಟ್ಟೆ ನಾಲೆಯಲ್ಲಿ ನೀರು ಬಿಡುವ ನೌಕರರಾಗಿದ್ದರಲ್ಲ, ಅವರ ಪಿಂಚಣಿ ನನಗೆ ಬರುತ್ತದೆ. ನಾನು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಸಾಲ ಮಾಡಿಲ್ಲ. ಎಲ್ಲರೂ ಅದನ್ನು ನನ್ನ ನಿಯತ್ತು ಅಂದುಕೊಂಡರು. ನಿಜ ಹೇಳುತ್ತೇನೆ, ಕೇಳಲು ನಾಚಿಕೆ.

ಕೆ.ಆರ್. ನಗರದ ಬ್ಯಾಂಕಿನವರು ಮೊದಲು ಮೂರು ಲಕ್ಷ ಅಂದಿದ್ದರು. ಬೇಕಾದದ್ದು ನಾಲ್ಕು. ಮ್ಯಾನೇಜರ್ ಮುಂದೆ ನಾನೇ ಹೇಳಬೇಕು. ಚಿಕ್ಕತಾತ ಮನೆಯಲ್ಲಿ ಪಾಠ ಶುರುಮಾಡಿದರು. ಅತ್ತಿಗೆಯ ಕೈಯನ್ನು ಮೈದುನ ಹಿಡಿಯುವ ಹಾಗಿಲ್ಲವಲ್ಲ, ಆದ್ದರಿಂದ ನಿಮ್ಮ ದೊಡ್ಡಕ್ಕನೇ ಮ್ಯಾನೇಜರ್ ಆಗಿ ಕುರ್ಚಿಯಲ್ಲಿ ಕೂತಳು. ಇಲ್ಲಿ ಬೆರಳಿಗೊಂದು ಲಕ್ಷ ಎಂದು ಅವಳಿಗೂ ನನಗೂ ಬೆರಳಿನ ಭಾಷೆ ಕಲಿಸಿ, ಇವರು ದೂರದಿಂದ ಕೂಗುತ್ತಿದ್ದರು.

"ಅವ ಮೂರು ಅಂದ್ರೆ ನೀವು ನಾಕು ಹಿಡೀರಿ. ಬುಡಬ್ಯಾಡಿ. ಧೈರ್ಯ ಬರ್ಲಿ ಅಂತ ಕಲಿಸ್ತಾ ಇವ್ನಿ. ಬ್ಯಾಂಕಲ್ಲಿ ಬಾಯಲ್ಲೇ ಹೇಳ್ಬೇಕು, ಗೊತ್ತಾಯ್ತಾ?"

ಗೊತ್ತಾಯಿತು ಅಂದೆ. ಎಂಟು ದಿನ ಅಭ್ಯಾಸ ನಡೆಯಿತು. ನಾಲ್ಕು ಬೆರಳು ಹಿಡಿಯುವುದು ಚೆನ್ನಾಗಿ ಬಂತು. ಬಾಯಲ್ಲಿ ಹೇಳುವುದು ಕೊನೆಯ ದಿನಕ್ಕೆ ಅಂತ ಇಟ್ಟಿದ್ದೆವು, ಅವತ್ತು ಹಸು ಕರು ಹಾಕಿತು.

ಬ್ಯಾಂಕಿನಲ್ಲಿ ಮ್ಯಾನೇಜರ್ ಮರ್ಯಾದಸ್ಥರು. "ಕೂತ್ಕೊಳ್ಳಿ ಅಮ್ಮ, ಪಾಸ್‌ಬುಕ್ ಕೊಡಿ" ಎಂದು ಕೈ ಚಾಚಿದರು. ಆಗ ನನಗೆ ಏನಾಯಿತೋ, ಇವತ್ತಿಗೂ ತಿಳಿಯದು. ಎದುರಿಗೊಂದು ಕೈ ಕಂಡಿತು. ಸೆರಗನ್ನು ಅದರ ಮೇಲೆ ಎಳೆದೆ. ಒಳಗೆ ನಾಲ್ಕು ಬೆರಳು ಹಿಡಿದುಬಿಟ್ಟೆ.

ಬ್ಯಾಂಕು ನಿಂತುಹೋಯಿತು. ನೋಟು ಎಣಿಸುವ ಯಂತ್ರವೂ ಸುಮ್ಮನಾದ ಹಾಗಿತ್ತು. ಅರವತ್ತು ದಾಟಿದ ವಿಧವೆ, ಬ್ಯಾಂಕಿನ ಮ್ಯಾನೇಜರ್ ಕೈ ಹಿಡಿದುಕೊಂಡು ಕೂತಿದ್ದೇನೆ. ಬಿಡೋಣ ಅಂದರೆ, ಬುಡಬ್ಯಾಡಿ ಅಂತ ಎಂಟು ದಿನ ಹೇಳಿಸಿಕೊಂಡಿದ್ದೇನೆ.

ಹಿಂದಿನಿಂದ ಚಿಕ್ಕತಾತ, "ನಾಕು ಅಂತಾವ್ರೆ ಸಾರ್. ಮೂರಕ್ಕೆ ಬರಾಕಿಲ್ಲ ಅವರು" ಅಂದರು.

ಮ್ಯಾನೇಜರಿಗೆ ವಿಷಯ ಬಿಡಿಸಿ ಹೇಳಿದ ಮೇಲೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಸರಿ ಅಮ್ಮ, ನಾಲ್ಕು ಯಾಕೆ, ಅದನ್ನ ಬಾಯಲ್ಲಿ ಹೇಳಿ" ಅಂದರು. ಹೋದ ಮಾನ ಹೇಗೂ ಹೋಗಿತ್ತು. ನೆಲ ನೋಡುತ್ತಾ, "ಹಾಸ್ಟೆಲ್ ಸೇರ್ಸಿಲ್ಲ" ಅಂದೆ. ಅವರು ಕಾಗದ ಮಗುಚಿದರು. ಹಾಸ್ಟೆಲಿನ ಖರ್ಚಿನ ಹಾಳೆ ಅರ್ಜಿಯ ಜೊತೆ ಸೇರಿರಲೇ ಇಲ್ಲ. ಅದನ್ನು ತರಿಸಿ ಸೇರಿಸಿದ ಮೇಲೆ ನಾಲ್ಕು ಲಕ್ಷವೇ ಮಂಜೂರಾಯಿತು. ಅಷ್ಟು ದೊಡ್ಡ ಮಾತನ್ನು ನಾನು ಅದಕ್ಕೂ ಮೊದಲು ಆಡಿರಲಿಲ್ಲ, ಆಮೇಲೂ ಆಡಿಲ್ಲ.

ಆಮೇಲೆ ಕೆ.ಆರ್. ನಗರಕ್ಕೆ ಹೋದಾಗಲೆಲ್ಲ ಬ್ಯಾಂಕಿನ ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ. ಒಮ್ಮೆ ಸಂತೆಯಲ್ಲಿ ಮ್ಯಾನೇಜರ್ ಕಂಡಾಗ ಕುಂಬಳಕಾಯಿ ರಾಶಿಯ ಹಿಂದೆ ಕೂತುಬಿಟ್ಟೆ. ಎಷ್ಟು ಹೊತ್ತು ಕೂತಿದ್ದೆ ಅಂದರೆ, ಇಬ್ಬರು ನನ್ನನ್ನು ಕಾಯಿಗೆಷ್ಟು ಎಂದು ಕೇಳಿ ಹೋದರು.

ನಿಮ್ಮ ದೊಡ್ಡಕ್ಕ ಓದಿ ಮುಗಿಸಿದಳು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸವೂ ಆಯಿತು. ತಿಂಗಳ ಮೊದಲ ವಾರ ಅವಳ ಸಂಬಳದಲ್ಲಿ ಸಾಲದ ಕಂತು ಕಡಿತವಾಗುತ್ತದೆ. ಸಾಲದಲ್ಲಿ ನನ್ನ ಹೆಸರೂ ಇದೆಯಲ್ಲ, ಮೆಸೇಜು ನನ್ನ ಫೋನಿಗೂ ಬರುತ್ತದೆ. ಒಂದೆರಡು ಹಬ್ಬಕ್ಕೆ ಅವಳು ಹೊಸ ಸೀರೆ ಕೊಳ್ಳದೆ ಬಂದಳು. ಚಿಕ್ಕತಾತ ಅದನ್ನು ನೋಡಿದರು. "ರೇಟು ಇಳಿಸ್ಬೋದಿತ್ತು ಕಣವ್ವ, ನಾನೇ ಬೇಗ ಎದ್ದು ಬಂದ್ಬುಟ್ಟೆ" ಎಂದು ಅವಳ ಮುಂದೆ ಹೇಳಿದರು.

ಹೋದ ವರ್ಷ ಒಂದು ಬೆಳಿಗ್ಗೆ ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ದೊಡ್ಡಕ್ಕನ ಆಸ್ಪತ್ರೆಗೇ ಸೇರಿಸಿದೆವು. ನಾಲ್ಕು ತಾಲ್ಲೂಕಿಗೆ ಕೇಳುವಂತೆ ಕೂಗುತ್ತಿದ್ದವರು ನನಗಿಂತ ಮೌನವಾಗಿ ಮಲಗಿದ್ದರು.

ಮೂರನೆಯ ದಿನ ದೊಡ್ಡಕ್ಕ ಡ್ಯೂಟಿಯ ಬಟ್ಟೆಯಲ್ಲಿ ಬಂದಳು. ಚಿಕ್ಕತಾತ ಎಡಗೈಯಲ್ಲಿ ಏನನ್ನೋ ತಡಕಾಡಿದರು. ದಿಂಬಿನ ಪಕ್ಕದ ಟವೆಲ್. ಅದನ್ನು ಅವಳ ಕೈಮೇಲೆ ಎಳೆದು ಅವಳ ನಾಲ್ಕು ಬೆರಳು ಹಿಡಿದರು. ಆಮೇಲೆ ಬಿಟ್ಟು, ಅಂಗೈ ಮೇಲೆ ಮಾಡಿ ಕಾದರು. ನಾಲ್ಕರಲ್ಲಿ ಇನ್ನೆಷ್ಟು ಉಳಿದಿದೆ?

ಆಸ್ಪತ್ರೆಯ ಟವೆಲ್ ಚಿಕ್ಕದು, ನನಗೆಲ್ಲ ಕಾಣುತ್ತಿತ್ತು. ಅವಳು ಅವರ ಒಂದೇ ಬೆರಳು ಹಿಡಿದಳು.

ಸುಳ್ಳು. ನನ್ನ ಫೋನಿನ ಮೆಸೇಜಿನಲ್ಲಿ ಬಾಕಿ ಎರಡು ಲಕ್ಷದ ಮೇಲೆ ಇತ್ತು. ಚಿಕ್ಕತಾತ ಅವಳ ಮುಖವನ್ನು ನೋಡಿದರು. ಮೊದಲು ಹೇಳಿದ ರೇಟನ್ನು ನಂಬಿದವರೇ ಅಲ್ಲ ಅವರು. ತಲೆ ಅಲ್ಲಾಡಿಸಿ ಎರಡು ಬೆರಳು ಹಿಡಿದರು.

"ಸರಿ ತಾತ, ಎರಡು" ಅಂದಳು. ನಗುತ್ತಿದ್ದಳು, ಕಣ್ಣು ತುಂಬಿತ್ತು. "ನಾನು ಕಟ್ತೀನಿ, ಬುಡಿ."

ಆಗ ಅವರು ಟವೆಲ್ ಸರಿಸಿ, ಎಡತೋಳನ್ನು ಅವಳ ಮುಂದೆ ಚಾಚಿದರು. ಅವಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. "ನಡ್ಸಿ ತೋರ್ಸ್‌ಬೇಕಂತೆ ಕಣವ್ವ" ಅಂದೆ. ಅವಳು ಬಿ.ಪಿ. ಪಟ್ಟಿ ಕಟ್ಟಿದಳು, ಗಾಳಿ ಊದಿದಳು, ಮುಳ್ಳನ್ನು ನೋಡುತ್ತಾ ಬರೆದುಕೊಂಡಳು. ಗಾಡಿಗೆ ಕಟ್ಟಿದ ಎತ್ತಿನ ನಡಿಗೆಯನ್ನು ನೋಡುವ ಹಾಗೆ ಅವರು ಅವಳ ಒಂದೊಂದು ಬೆರಳನ್ನೂ ನೋಡುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೆ ಅವಳ ಇಡೀ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಟವೆಲ್ ಇರಲಿಲ್ಲ. ಎಲ್ಲರಿಗೂ ಕಾಣುವ ಹಾಗೇ ಹಿಡಿದರು, ಬಿಡಲಿಲ್ಲ.

ನಾನು ಗೋಡೆಯ ಕಡೆ ತಿರುಗಿ ಅಲ್ಲಿ ಅಂಟಿಸಿದ್ದ ಸೂಚನೆಯನ್ನು ಗಂಭೀರವಾಗಿ ಓದಿದೆ. ಏನು ಬರೆದಿತ್ತೋ, ಈ ಸಲವೂ ತಿಳಿಯಲಿಲ್ಲ.