ದಾಖಲೆ ಕೊಠಡಿಯ ಒದ್ದೆ ನೆಲದಿಂದ ತೀರ್ಮಾನಕ್ಕೆ ಬರುವ ಅಧಿಕೃತ ವಿಧಾನ

ಸಂಖ್ಯೆ: ನೆಲ/ಒದ್ದೆ/ತರ್ಕ/೧೭

ವಿಷಯ: ಕಚೇರಿಯ ಆವರಣದಲ್ಲಿ ಸರಿಯಾಗಿ ಯೋಚಿಸುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: ೧) ಇದೇ ಸುತ್ತೋಲೆ. ೨) ಗುಡಿಸುವವಳ ಮೌಖಿಕ ಉದ್ಧಟತನ.

ದಾಖಲೆ ಕೊಠಡಿಯ ನೆಲ ಒದ್ದೆಯಾಗಿ ಕಡತಗಳು ನೆನೆದಿರುವುದು ಗಮನಕ್ಕೆ ಬಂದಿದೆ. ನಲ್ಲಿ ತೆರೆದಿಟ್ಟರೆ ನೆಲ ಒದ್ದೆಯಾಗುತ್ತದೆ, ನೆಲ ಒದ್ದೆಯಾಗಿದೆ, ಆದ್ದರಿಂದ ಗುಡಿಸುವವಳು ನಲ್ಲಿ ತೆರೆದಿಟ್ಟಿದ್ದಾಳೆ ಎಂದು ಅಧೀಕ್ಷಕರು ಕುರ್ಚಿಯಿಂದ ಏಳದೆಯೇ ಸಾಬೀತುಪಡಿಸಿರುತ್ತಾರೆ. ಒಂಬತ್ತು ವರ್ಷ ದಿನಗೂಲಿ ಮಾಡಿದ ಆಕೆಗೆ ಈ ತಿಂಗಳು ಸಿಗಬೇಕಿದ್ದ ಕಾಯಂ ಆದೇಶವನ್ನು ತಡೆಹಿಡಿದು, ಆಕೆಯನ್ನು ಗೇಟಿನ ಹೊರಗೆ ನಿಲ್ಲಿಸಲಾಗಿದೆ.

ವಿಚಾರಣೆಯಲ್ಲಿ ಆಕೆ, "ನಲ್ಲಿ ಬಿಟ್ರೆ ನೆಲ ಒದ್ದೆ ಆಗುತ್ತೆ ಸಾರ್, ಒಪ್ಕೋತೀನಿ. ನೆಲ ಒದ್ದೆ ಆದಾಗೆಲ್ಲ ನಾನೇ ನಲ್ಲಿ ಬಿಟ್ಟೆ ಅಂದ್ರೆ ಹೇಗೆ? ಒಂದ್ಸಲ ತಲೆ ಎತ್ತಿ ಮೇಲಿನ ಪೈಪ್ ನೋಡಿ" ಎಂದಿರುತ್ತಾಳೆ. "ನಿನ್ನ ಕೆಲ್ಸ ನೆಲ ನೋಡೋದು ಕಣಮ್ಮ, ಚಾವಣಿ ಅಲ್ಲ" ಎಂದು ಅಧೀಕ್ಷಕರು ತಿಳಿಹೇಳಿದರೂ ಆಕೆ ಚಾವಣಿಯನ್ನೇ ನೋಡುತ್ತಿದ್ದಳು.

ಆದಕಾರಣ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಿರುವುದೇನೆಂದರೆ:

೧. ಒಂದು ಪರಿಣಾಮಕ್ಕೆ ಒಂದೇ ಕಾರಣ ಮಂಜೂರಾಗಿದೆ. ಹೆಚ್ಚುವರಿ ಕಾರಣ ಬೇಕಾದವರು ನಮೂನೆ ೪ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ನಮೂನೆ ೪ ನೆನೆದು ಹೋಗಿದೆ.

೨. ವಾದದ ಸತ್ಯಾಸತ್ಯತೆಯನ್ನು ವಾದಿಸುವವರ ವೇತನಶ್ರೇಣಿಯಿಂದ ಅಳೆಯತಕ್ಕದ್ದು. ದಿನಗೂಲಿಯವರ ವಾದ ಸರಿಯಿದ್ದಲ್ಲಿ ಉದ್ಧಟತನವೆಂದು ದಾಖಲಿಸುವುದು.

೩. ಕೆಲವು ಗುಡಿಸುವವರು ಮರೆಗುಳಿಗಳು. ಇಲ್ಲಿ "ಕೆಲವು" ಎಂಬುದನ್ನು "ಎಲ್ಲ" ಎಂದು ಓದಿಕೊಳ್ಳುವುದು. ಅಧಿಕಾರಿಗಳ ವಿಷಯದಲ್ಲಿ "ಯಾರೂ ಅಲ್ಲ" ಎಂದು ಓದಿಕೊಳ್ಳುವುದು.

೪. ಇಲಾಖೆ ತಪ್ಪುವುದಿಲ್ಲವಾದ್ದರಿಂದ ಈ ಸುತ್ತೋಲೆ ಸರಿಯಾಗಿದೆ. ಇಲಾಖೆ ತಪ್ಪುವುದಿಲ್ಲ ಎಂಬುದಕ್ಕೆ ಈ ಸುತ್ತೋಲೆಯ ಕಲಂ ೪ ನೋಡುವುದು.

೫. ಚಾವಣಿಯತ್ತ ತಲೆ ಎತ್ತುವುದನ್ನು ನಿಷೇಧಿಸಲಾಗಿದೆ. ನೆತ್ತಿಯ ಮೇಲೆ ಹನಿ ಬಿದ್ದವರು ಅದನ್ನು ಬೆವರೆಂದು ಪರಿಗಣಿಸತಕ್ಕದ್ದು.

೬. ಆಕೆ ಗೇಟಿನ ಹೊರಗಿದ್ದು ಇಂದಿಗೆ ಹನ್ನೆರಡು ದಿನ. ನಲ್ಲಿಗೆ ಬೀಗ ಹಾಕಲಾಗಿದ್ದು, ಬೀಗದ ಕೈ ಅಧೀಕ್ಷಕರ ಜೇಬಿನಲ್ಲಿದೆ. ನೆಲ ಇನ್ನೂ ಒದ್ದೆಯಾಗಿಯೇ ಇದೆ. ಆದ್ದರಿಂದ ಆಕೆ ಹೊರಗಿನಿಂದಲೇ ನಲ್ಲಿ ತಿರುಗಿಸುತ್ತಿರುವುದು ದೃಢಪಟ್ಟಿದ್ದು, ಆಕೆಯ ಕೈಯ ಉದ್ದ ಅಳೆಯಲು ಮೂವರ ಸಮಿತಿಯನ್ನು ರಚಿಸಲಾಗಿದೆ. ವರದಿ ಬರುವವರೆಗೆ ಕಾಯಂ ಆದೇಶವನ್ನು ಒಣ ಜಾಗದಲ್ಲಿ ಇಡತಕ್ಕದ್ದು. ಅಂಥ ಜಾಗ ಕಚೇರಿಯಲ್ಲಿ ಇರುವುದಿಲ್ಲ.

ಸಹಿ/-
(ನೀರು ಬಿದ್ದು ಅಳಿಸಿದೆ)
ಅಧೀಕ್ಷಕರು

ಪ್ರತಿ:
೧. ಕೊಳಾಯಿ ರಿಪೇರಿಯವರಿಗೆ: ಮಾಹಿತಿಗಾಗಿ ಮಾತ್ರ, ರಿಪೇರಿಗಲ್ಲ.
೨. ಗೇಟಿನ ಕಾವಲುಗಾರರಿಗೆ: ಆಕೆಗೆ ಓದಿ ಹೇಳುವುದು. ಆಕೆ ನಕ್ಕಲ್ಲಿ ತಪ್ಪೊಪ್ಪಿಗೆ ಎಂದು ಬರೆದುಕೊಳ್ಳುವುದು.
೩. ಕಚೇರಿ ಕಡತಕ್ಕೆ: ಒಣಗಿದ ನಂತರ.