ನಾಲ್ಕು ಬೆರಳಿನ ಉಳಿತಾಯ

"ಈ ತಿಂಗಳ ದಿನಸಿ ಬಿಲ್ಲನ್ನ ಅರ್ಧಕ್ಕೆ ಇಳಿಸದೇ ಹೋದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ!" ಎಂದು ಗುಮಾಸ್ತರು ಬೆಳಗಿನ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದರು.

"ಹೆಸರು ಬದಲಾಯಿಸಿದ್ರೂ ಬಿಲ್ಲು ಇದೇ ಮನೆಗೇ ಬರುತ್ತೆ, ಅಳಿಯಂದಿರೇ," ಎಂದರು ಅತ್ತೆ.

ಹೆಂಡತಿ ರವಿಕೆಯೊಂದರ ಅಂಚು ಮಡಚುತ್ತಿದ್ದಳು. ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಇಪ್ಪತ್ತು ವರ್ಷ ರವಿಕೆ, ಲಂಗ, ಹರಿದ ಜೇಬು ಎಂದು ದುಡಿದವಳಿಗೆ ಮೊದಲ ಸಲ ದೊಡ್ಡ ಕೆಲಸವೊಂದು ಸಿಕ್ಕಿತ್ತು: ಕಾವಲುಗಾರರ ಕಂಪನಿಯ ಹನ್ನೆರಡು ಪ್ಯಾಂಟುಗಳು. ಕಂಪನಿಯ ಮಾಲೀಕರು ಸಾಲಾಗಿ ನಿಲ್ಲಿಸಿದರೆ ಅಂದವಾಗಿ ಕಾಣಲೆಂದು ಹನ್ನೆರಡು ಜನರನ್ನೂ ಒಂದೇ ಎತ್ತರ, ಒಂದೇ ಗಾತ್ರ ನೋಡಿ ಆರಿಸಿದ್ದರು. ಹೀಗಾಗಿ ಅಳತೆಯೂ ಒಂದೇ. ಇವು ಒಪ್ಪಿಗೆಯಾದರೆ ಮುಂದೆ ಅರವತ್ತು ಪ್ಯಾಂಟು ಕೊಡುವುದಾಗಿಯೂ ಹೇಳಿದ್ದರು. ಅರವತ್ತು ಬಂದರೆ ಎರಡನೇ ಮೆಷಿನ್ನು. ಆ ಎರಡನೇ ಮೆಷಿನ್ನಿಗೆ ಅವಳು ಕಿಟಕಿಯ ಪಕ್ಕ ಆಗಲೇ ಜಾಗ ಗುಡಿಸಿಟ್ಟಿದ್ದಳು.

ಗುಮಾಸ್ತರದು ದಾಖಲೆ ಕೋಣೆಯ ಕೆಲಸ. ಇಷ್ಟು ವರ್ಷಗಳ ನೌಕರಿಯಲ್ಲಿ ಒಂದು ಚೂರು ಕಾಗದವನ್ನೂ ಕಳೆದವರಲ್ಲ. ಅವರ ಬಾಳು ಎರಡು ಸೂತ್ರಗಳ ಮೇಲೆ ನಿಂತಿತ್ತು. ಫೈಲ್ ನಂಬರ್ ಇಲ್ಲದ ಕಾಗದ ರದ್ದಿ. ತೆಗೆದದ್ದನ್ನು ತೆಗೆದ ಜಾಗದಲ್ಲೇ, ತೆಗೆದ ಹಾಗೇ ಇಡಬೇಕು. ಎರಡೂ ಒಳ್ಳೆಯ ಸೂತ್ರಗಳೇ. ಎರಡೂ ಒಂದೇ ದಿನ ಕೈಜೋಡಿಸಿದ್ದರಿಂದ ಅನಾಹುತವಾಯಿತು.

ಬೀದಿ ಕೊನೆಯ ದೊಡ್ಡ ಅಂಗಡಿಯವರು ಪತ್ರಿಕೆಯಲ್ಲಿ ದಿನಕ್ಕೊಂದು ಕೂಪನ್ ಹಾಕಿಸುತ್ತಿದ್ದರು. ಪುಟದ ಬುಡದಲ್ಲಿ, ಗೇಣುದ್ದ, ನಾಲ್ಕು ಬೆರಳು ಅಗಲ. ಹತ್ತು ದಿನದ ಹತ್ತು ಕೂಪನ್ ತಂದವರಿಗೆ ಅರ್ಧ ಬೆಲೆ! ಗುಮಾಸ್ತರು ಕೂಪನ್ನುಗಳನ್ನು ಸ್ಕೇಲಿಟ್ಟು ಕತ್ತರಿಸಿ, ದಿನಾಂಕವಾರು ಜೋಡಿಸಿ, ಫೈಲ್ ಮಾಡಿದರು. ಫೈಲಿಗೆ ನಂಬರನ್ನೂ ಕೊಟ್ಟರು. ಆದರೆ ಕೊನೆಯ ದಿನ ಎಣಿಸಿದರೆ ಎಂಟೇ ಇದ್ದವು. ಎರಡು ದಿನದ ಪತ್ರಿಕೆ ಮಾಯವಾಗಿತ್ತು.

"ಪೇಪರ್ ಏನಾಯ್ತು ಅತ್ತೆ?"

"ನಾನು ತಿಂದೆ," ಎಂದು ಅತ್ತೆ ಕನ್ನಡಕ ಏರಿಸಿಕೊಂಡರು.

ಹೆಂಡತಿ ನೂಲು ತರಲು ಹೊರಗೆ ಹೋಗಿದ್ದಳು. ಗುಮಾಸ್ತರು ಮನೆಯನ್ನೆಲ್ಲ ಜಾಲಾಡಿದರು. ಕೊನೆಗೆ ನೋಡಿದರೆ ಹೊಲಿಗೆ ಮೆಷಿನ್ನಿನ ಹಿಂದಿನ ಮೊಳೆಯಲ್ಲಿ ಆ ಎರಡು ದಿನದ ಪತ್ರಿಕೆಗಳು ನೇತಾಡುತ್ತಿದ್ದವು. ಹಾಳೆಗೆ ಹಾಳೆ ಅಂಟಿಸಿ, ಮೇಲ್ಗಡೆ ಸೊಟ್ಟಸೊಟ್ಟಗೆ ಕತ್ತರಿಸಿದ್ದರು. ಒಂದರ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ 'ಮುಂದೆ', ಇನ್ನೊಂದರ ಮೇಲೆ 'ಹಿಂದೆ' ಎಂದಿತ್ತು. ಫೈಲ್ ನಂಬರ್ ಮಾತ್ರ ಎಲ್ಲೂ ಇರಲಿಲ್ಲ. ಎಂದ ಮೇಲೆ ರದ್ದಿ.

ದೇವರು ದೊಡ್ಡವನು. ಎರಡರ ಬುಡದಲ್ಲೂ ಕೂಪನ್ ಇಡಿಯಾಗಿ ಉಳಿದಿತ್ತು! ಗುಮಾಸ್ತರು ಸ್ಕೇಲಿಟ್ಟರು, ಬುಡವನ್ನು ಈ ಅಂಚಿನಿಂದ ಆ ಅಂಚಿಗೆ ನೀಟಾಗಿ ಕತ್ತರಿಸಿದರು, ಉಳಿದದ್ದನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಅದೇ ಮೊಳೆಗೆ ಸಿಕ್ಕಿಸಿದರು. ಹರಿದು ಎಸೆಯುವ ಸೋಮಾರಿಯಾಗಿದ್ದರೆ ಹೆಂಡತಿಗೆ ಅಂದೇ ಗೊತ್ತಾಗುತ್ತಿತ್ತು. ಅವರ ಅಚ್ಚುಕಟ್ಟುತನವೇ ಕುತ್ತಾಯಿತು.

ಅಂಗಡಿಯಲ್ಲಿ ಕೌಂಟರಿನ ಹುಡುಗಿ ಹತ್ತೂ ಕೂಪನ್ ಎಣಿಸಿ, "ಅರ್ಧ ಬೆಲೆ ಆ ಕಪಾಟಿನ ಸಾಮಾನಿಗೆ ಮಾತ್ರ ಸಾರ್," ಎಂದಳು.

ಆ ಕಪಾಟಿನಲ್ಲಿ ವಿನೆಗರ್, ಬೂಟ್ ಪಾಲಿಶ್ ಮತ್ತು ಬೆಕ್ಕಿನ ಆಹಾರವಿತ್ತು. ಗುಮಾಸ್ತರು ಒಂದು ಕ್ಷಣ ಯೋಚಿಸಿದರು. ಅರ್ಧ ಬೆಲೆ ಎಂದರೆ ಅರ್ಧ ಬೆಲೆಯೇ ತಾನೇ? ಹದಿನಾಲ್ಕು ಬಾಟಲಿ ವಿನೆಗರ್ ಮತ್ತು ಆರು ಪೊಟ್ಟಣ ಬೆಕ್ಕಿನ ಆಹಾರದೊಂದಿಗೆ ಅವರು ಯುದ್ಧ ಗೆದ್ದವರಂತೆ ಮನೆಗೆ ಬಂದರು. ಸಕ್ಕರೆ, ಎಣ್ಣೆ, ಬೇಳೆಗಳನ್ನು ಪೂರ್ತಿ ಬೆಲೆಗೆ ತಂದ ಸಂಗತಿಯನ್ನು ಅವರು ಒತ್ತಿ ಹೇಳಲಿಲ್ಲ.

ಅತ್ತೆ ಪೊಟ್ಟಣಗಳನ್ನು ತಿರುಗಿಸಿ ನೋಡಿದರು. "ಬೆಕ್ಕೆಲ್ಲಿ?"

"ಬೆಕ್ಕಿಗೆ ಆಫರ್ ಇರ್ಲಿಲ್ಲ, ಅತ್ತೆ."

ಮರುದಿನ ಹೆಂಡತಿ ಮೊಳೆಯಿಂದ ಪ್ಯಾಂಟಿನ ಅಳತೆ ಕಾಗದ ತೆಗೆದಳು, ಬಟ್ಟೆಯ ಮೇಲೆ ಹಾಸಿದಳು, ಸೀಮೆಸುಣ್ಣದಲ್ಲಿ ಸುತ್ತ ಗೀಟೆಳೆದು ಹನ್ನೆರಡು ಪ್ಯಾಂಟಿಗಾಗುವಷ್ಟು ಕತ್ತರಿಸಿದಳು. ತಾನೇ ಅಳೆದು ಮಾಡಿದ ಕಾಗದವನ್ನು ಯಾರು ಮತ್ತೆ ಅಳೆಯುತ್ತಾರೆ? ವಾರವಿಡೀ ಮೆಷಿನ್ ಹಾಡಿತು.

ಭಾನುವಾರ ಸಂಜೆ ಐದಕ್ಕೆ ಮಾಲೀಕರು ಬರುವುದಿತ್ತು. ಹಾಕಿ ನೋಡಲು ಒಬ್ಬ ಕಾವಲುಗಾರನನ್ನು ಹನ್ನೊಂದಕ್ಕೇ ಕಳಿಸಿದರು. ಅವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ, ಪರದೆಯ ಹಿಂದೆ ಹೋದ, ಹೊರಗೆ ಬಂದು ಕೆಳಗೆ ನೋಡಿಕೊಂಡ. ಎಲ್ಲರೂ ಕೆಳಗೆ ನೋಡಿದರು. ಪ್ಯಾಂಟು ಮುಗಿದ ಮೇಲೂ ಕಾಲು ಸಾಕಷ್ಟು ಉಳಿದಿತ್ತು. ಒಂದು ಕಾಲುಚೀಲದಲ್ಲಿ ತೂತಿತ್ತು.

"ಅಕ್ಕಾ," ಎಂದ ಅವನು ವಿನಯದಿಂದ, "ನಮ್ಮನ್ನ ಕೆರೆ ಒಳಗೆ ನಿಲ್ಲಿಸ್ತಾರಾ?"

ಅವನನ್ನು ಕಳಿಸಿ ಅವಳು ಬಾಕಿ ಹನ್ನೊಂದನ್ನೂ ಅಳೆದಳು. ಎಲ್ಲವೂ ನಾಲ್ಕು ಬೆರಳು ಗಿಡ್ಡ. ಅಳತೆ ಪುಸ್ತಕ ತೆಗೆದಳು. ಅದರಲ್ಲಿ ಸರಿಯಾಗೇ ಇತ್ತು. ಕಾಗದ ಅಳೆದಳು, ನಾಲ್ಕು ಬೆರಳು ಗಿಡ್ಡ. ಅಂಚು ಮಾತ್ರ ಗೀಟೆಳೆದ ಹಾಗೆ ನೇರ. ಹೊಲಿದು ಹೊಲಿದು ಬೆರಳ ತುದಿ ಒರಟಾದ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಳು.

"ನನ್ನ ಕೈಗೆ ಏನೋ ಆಗಿದೆ ಅಮ್ಮಾ," ಎಂದಳು. "ಎಲ್ಲಾ ನಾಲ್ಕು ಬೆರಳು ಗಿಡ್ಡ. ಇಷ್ಟು ವರ್ಷದಲ್ಲಿ ಒಂದು ನೂಲಿನಷ್ಟೂ ತಪ್ಪಿದ್ದಿಲ್ಲ. ಇನ್ನು ದೊಡ್ಡ ಕೆಲಸ ಒಪ್ಕೋಬಾರ್ದು."

ಗುಮಾಸ್ತರು ಪತ್ರಿಕೆಯ ಹಿಂದೆ ಅಡಗಿ ಕೂತಿದ್ದರು. ನಾಲ್ಕು ಬೆರಳು ಎಂಬ ಮಾತು ಕಿವಿಗೆ ಬಿದ್ದಾಗಲೇ ಅವರಿಗೆ ಎಲ್ಲ ಅರ್ಥವಾಗಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೂಪನ್ನು ಅಂಗಡಿಯ ಡಬ್ಬಿಯಲ್ಲಿತ್ತು, ಸಾಕ್ಷಿ ಹೇಳುವವರಿರಲಿಲ್ಲ. ಆದರೆ ಅವಳು ಕೈ ತಿರುಗಿಸಿ ಅಂಗೈಯನ್ನೂ ನೋಡಿಕೊಂಡಳು. ಅವರು ಪತ್ರಿಕೆ ಮಡಚಿ ಕೆಳಗಿಟ್ಟರು.

"ಆ ನಾಲ್ಕು ಬೆರಳು ನನ್ ಹತ್ರ ಇತ್ತು," ಎಂದರು.

"ಏನಂದ್ರಿ?"

"ಕೂಪನ್. ಮೊಳೆ ಮೇಲಿನ ಪೇಪರಿನ ಬುಡದಲ್ಲಿತ್ತು. ಮುಂದೇದೊಂದು, ಹಿಂದೇದೊಂದು. ನಿನ್ನ ಕೈಗೆ ಏನೂ ಆಗಿಲ್ಲ ಕಣೆ. ಕೈ ಇಟ್ಟೋನು ನಾನು."

ಅವಳು ಕಾಗದದ ನೇರ ಅಂಚಿನ ಮೇಲೆ ಬೆರಳಾಡಿಸಿದಳು.

"ಈಗ ಎಲ್ಲಿದೆ ಅದು?"

"ವಿನೆಗರ್ ಆಗಿದೆ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಕೈ ಕೆಟ್ಟಿಲ್ಲವೆಂದು ತಿಳಿದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಕೆಳಗೆ ಪಟ್ಟಿ ಕೊಡ್ಬೇಕು. ಇದೇ ಬಟ್ಟೆ ಒಂದು ತುಂಡೂ ಉಳಿದಿಲ್ಲ. ಕಪ್ಪು ಪಟ್ಟಿ ಕೊಟ್ರೆ ಬೇಕಂತಲೇ ಮಾಡಿದ ಹಾಗಿರುತ್ತೆ. ಗಟ್ಟಿ ಬಟ್ಟೆ ಆಗ್ಬೇಕು. ಇವತ್ತು ಬಟ್ಟೆ ಅಂಗಡಿ ಒಂದೂ ತೆಗೆದಿರಲ್ಲ."

"ಕಪ್ಪು, ಗಟ್ಟಿ," ಎಂದು ಅತ್ತೆ ಸೂರು ನೋಡುತ್ತ ಹೇಳಿದರು, "ಅಂಥದ್ದು ಈ ಮನೆ ಬೀರುವಿನಲ್ಲಿ ಎಲ್ಲೋ ನೋಡಿದ ನೆನಪು."

ಗುಮಾಸ್ತರ ಬಳಿ ಎರಡು ಕರಿ ಕೋಟುಗಳಿದ್ದವು. ಒಂದು ಚಳಿಗೆ, ಒಂದು ಸಾಹೇಬರ ಎದುರಿಗೆ. ಚಳಿಯದು ಹಳತಾಗಿ ಮೊಣಕೈ ಸವೆದಿತ್ತು. ಸಾಹೇಬರದು, ನೌಕರಿ ಕಾಯಂ ಆದ ವರ್ಷ ಹೆಂಡತಿಯೇ ಹೊಲಿದದ್ದು. ಅದನ್ನು ತೊಟ್ಟಾಗ ಮಾತ್ರ ಬೀದಿಯವರು ಅವರನ್ನು ಆಫೀಸರ್ ಎಂದುಕೊಳ್ಳುತ್ತಿದ್ದರು. ಗುಮಾಸ್ತರು ಬೀರು ತೆಗೆದರು. ಚಳಿಯದರ ಮೇಲೆ ಕೈ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಒಳ್ಳೆಯದನ್ನೇ ತಂದು ಮೇಜಿನ ಮೇಲಿಟ್ಟರು.

ಅವಳು ಕೋಟನ್ನೂ ಅವರನ್ನೂ ನೋಡಿದಳು. "ಜೇಬಲ್ಲಿ ಏನಾದ್ರೂ ಇದ್ರೆ ತಕ್ಕೊಳ್ಳಿ," ಎಂದಳು, ಸ್ವಲ್ಪ ಮೆತ್ತಗೆ.

ಜೇಬಿನಲ್ಲಿ ಹೋದ ವರ್ಷದ ಎರಡು ಕೂಪನ್ನುಗಳಿದ್ದವು. ಗುಮಾಸ್ತರು ಅವನ್ನು ಯಾರಿಗೂ ಕಾಣದಂತೆ ಮುಷ್ಟಿಯಲ್ಲಿ ಉಂಡೆ ಮಾಡಿದರು.

ಕತ್ತರಿ ಕರಕರ ಎಂದಿತು. ತೋಳು ಹೋಯಿತು, ಬೆನ್ನು ಹೋಯಿತು, ಕಾಲರು ಹೋಯಿತು. ಇಪ್ಪತ್ನಾಲ್ಕು ಕಾಲಿಗೆ ಇಪ್ಪತ್ನಾಲ್ಕು ಪಟ್ಟಿ. ಅತ್ತೆ ದಾರ ಪೋಣಿಸಿದರು. ಗುಮಾಸ್ತರು ಇಸ್ತ್ರಿ ಹಾಕಿದರು, ತಮ್ಮ ಕೋಟಿಗೆ ತಾವೇ, ತುಂಡು ತುಂಡಾಗಿ.

ಐದಕ್ಕೆ ಮಾಲೀಕರು ಅದೇ ಕಾವಲುಗಾರನನ್ನು ಕರೆದುಕೊಂಡು ಬಂದರು. ಅವನು ಪ್ಯಾಂಟು ಹಾಕಿಕೊಂಡು ನೆಟ್ಟಗೆ ನಿಂತ. ಕಪ್ಪು ಪಟ್ಟಿ ಬೂಟಿನ ಮೇಲೆ ಸರಿಯಾಗಿ ಕೂತಿತ್ತು. ಮಾಲೀಕರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಬಗ್ಗಿ ಮುಟ್ಟಿ ನೋಡಿದರು.

"ಏನಮ್ಮಾ ಇದು! ನಾನು ಇದನ್ನ ಹೇಳಿರ್ಲಿಲ್ವಲ್ಲ!"

"ಹೇಳಿರ್ಲಿಲ್ಲ," ಎಂದಳು ಅವಳು.

"ಭಲೇ! ಸೈನ್ಯದವರ ಹಾಗೆ ಕಾಣ್ತಾನೆ! ಅರವತ್ತೂ ಹೀಗೇ ಆಗ್ಲಿ. ಈ ಪಟ್ಟಿಗೆ ಮೇಲೆ ಎಷ್ಟು ಕೊಡ್ಬೇಕು?"

ಗುಮಾಸ್ತರು ಬಾಯಿ ತೆರೆದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಏನೂ ಬೇಡ ಸಾರ್. ನಮ್ಮನೆಯವರು ಆಫರ್ ಇಟ್ಟಿದ್ದಾರೆ. ಹನ್ನೆರಡು ಪ್ಯಾಂಟ್ ತಗೊಂಡ್ರೆ ಒಂದು ಕೋಟು ಫ್ರೀ."

ಮಾಲೀಕರಿಗೆ ಅರ್ಥವಾಗಲಿಲ್ಲ, ಆದರೆ ಫ್ರೀ ಎಂಬ ಮಾತು ಕೇಳಿ ಮುಖ ಅರಳಿತು. "ಈ ಆಫರ್ ಎಲ್ಲೀವರೆಗೆ ಇರುತ್ತಮ್ಮಾ?"

"ಸ್ಟಾಕ್ ಇರೋವರೆಗೆ," ಎಂದರು ಅತ್ತೆ ಒಳಗಿನಿಂದ. "ಇನ್ನೊಂದು ಕೋಟಿದೆ."