ಹುಳುವಿನ ಕೋಣೆಗೆ ಬಂದ ಗ್ರಾಫಿಕ್ಸ್ ಕಾರ್ಡು

ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಕೂಲಿ ಮುನ್ನೂರು ರೂಪಾಯಿಯನ್ನು ಮೋಹನ್‌ಬಾಬುಗೆ ನಾನಿನ್ನೂ ಕೊಟ್ಟಿಲ್ಲ. ಕೂಲಿ ಬಾಕಿ ಇಟ್ಟುಕೊಂಡವರ ಮನೆ ಮುಂದೆ ಇಪ್ಪತ್ತು ವರ್ಷ ಧಿಕ್ಕಾರ ಕೂಗಿದವಳು ನಾನು. ನೂಲು ತೆಗೆಯುವ ಹೆಂಗಸರ ಜೊತೆ ಮೂರು ಸಲ ಜೈಲಿನ ಮುದ್ದೆ ತಿಂದವಳು (ಮುದ್ದೆ ಗಟ್ಟಿ, ಸಾರು ನೀರು). ಆದರೂ ಕೊಟ್ಟಿಲ್ಲ. ಯಾಕೆ ಅನ್ನುವುದನ್ನು ಕೇಳಿ, ಆಮೇಲೆ ಬೈಯಿರಿ.

ನನ್ನ ಗಂಡ ವೆಂಕಟರವಣಪ್ಪನದು ಮದುವೆ ವಿಡಿಯೋ ತೆಗೆಯುವ ಕಸುಬು. ನನ್ನದು ರೇಷ್ಮೆ ಹುಳು ಸಾಕುವುದು. ಶಿಡ್ಲಘಟ್ಟದಿಂದ ಎರಡು ಮೈಲಿ ಆಚೆಗಿರುವ ನಮ್ಮ ಮನೆಗೆ ಇರುವುದೇ ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಕೋಣೆ. ಆ ಕೋಣೆಯಲ್ಲಿ ಈತನ ಕಂಪ್ಯೂಟರು. ಒಂದು ಮದುವೆಯನ್ನು ಡಿವಿಡಿಗೆ ಬದಲಾಯಿಸಲು ಅದಕ್ಕೆ ಹದಿನಾಲ್ಕು ಗಂಟೆ ಬೇಕಿತ್ತು. ತಾಳಿ ಕಟ್ಟಲು ಅರೆ ನಿಮಿಷ, ಕಟ್ಟಿದ್ದನ್ನು ಬದಲಾಯಿಸಲು ಒಂದು ಹಗಲು! ಅಷ್ಟು ಹೊತ್ತೂ ಆ ಡಬ್ಬ ಬುಸುಗುಟ್ಟುತ್ತ ಹಿಂದಿನಿಂದ ಬಿಸಿಗಾಳಿ ಬಿಡುತ್ತಿತ್ತು.

ಡಿಸೆಂಬರ್ ಬಂತು. ಮೊಟ್ಟೆಯೊಡೆದ ಎಳೆ ಹುಳುವಿಗೆ ಇಪ್ಪತ್ತೇಳು ಡಿಗ್ರಿ ಕಾವು ಬೇಕು. ನಂದಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಇದನ್ನು ಯಾರೂ ಹೇಳಿಲ್ಲ. ಇದ್ದಿಲ ಒಲೆ ಇಟ್ಟರೆ ಹೊಗೆ. ಹೀಟರ್ ಕೊಡಿಸು ಎಂದರೆ ಗಂಡ ಕರೆಂಟ್ ಬಿಲ್ಲನ್ನು ಪುರಾಣದ ಹಾಗೆ ರಾಗವಾಗಿ ಓದುತ್ತಾನೆ. ನಮ್ಮ ರೇಷ್ಮೆ ಹೆಂಗಸರ ಸಂಘದವರೆಲ್ಲ ಚಳಿಗೆ ಹೆದರಿ ಆ ಸಲ ಹುಳು ಸಾಕುವುದನ್ನೇ ಕೈಬಿಟ್ಟಿದ್ದರು. ನಾನು ಮಾತ್ರ, "ನಾನ್ ಬೆಳೆ ತೆಗೀತೀನಿ, ನೋಡ್ತಾ ಇರ್ರೇ" ಎಂದು ಸಭೆಯಲ್ಲೇ ಸವಾಲು ಹಾಕಿ ಬಂದಿದ್ದೆ.

ಆಗ ನನಗೊಂದು ಮಹೋನ್ನತ ಆಲೋಚನೆ ಹೊಳೆಯಿತು. ಹುಳುವಿನ ತಟ್ಟೆಗಳನ್ನೆಲ್ಲ ಕಂಪ್ಯೂಟರ್ ಕೋಣೆಗೆ ಸಾಗಿಸಿ ಬಾಗಿಲು ಹಾಕಿದೆ. ಥರ್ಮಾಮೀಟರು ಇಪ್ಪತ್ತೇಳಕ್ಕೆ ಬಂದು ಕೂತಿತು. ಯಾರದೋ ಮದುವೆಯ ಕಾವಿನಲ್ಲಿ ನನ್ನ ನಲವತ್ತು ಸಾವಿರ ಹುಳುಗಳು ಸೊಪ್ಪು ಮೇದವು. ಮೊದಲನೇ ಜ್ವರ ಸುಸೂತ್ರವಾಗಿ ಕಳೆಯಿತು. (ಪೊರೆ ಬಿಡುವ ಮೊದಲು ಹುಳು ಮೇವು ನಿಲ್ಲಿಸಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ಡಾಕ್ಟರು ಬೇಕಿಲ್ಲ.)

ಅಷ್ಟರಲ್ಲಿ ಮೋಹನ್‌ಬಾಬು ಬಂದ. ನನ್ನ ತಂಗಿಯ ಗಂಡ, ಚಿಂತಾಮಣಿಯಲ್ಲಿ ಕಂಪ್ಯೂಟರ್ ಅಂಗಡಿ. ಡಬ್ಬ ಬಿಚ್ಚಿ, ಫ್ಯಾನು ಅಂಟಿಸಿದ ಇಟ್ಟಿಗೆಯಂಥದ್ದೊಂದನ್ನು ಒಳಗೆ ತುರುಕಿದ.

"ಅಕ್ಕಾ, ಇಷ್ಟ್ ದಿನ ಪ್ರೊಸೆಸರ್ ಒಬ್ನೇ ಗೇಯ್ತಿದ್ದ. ಈ ಕಾರ್ಡೊಳ್ಗೆ ನೂರಾ ಹನ್ನೆರಡು ಜನ ಅವ್ರೆ. ಇನ್ಮೇಲೆ ಪ್ರೊಸೆಸರ್ ಮೇಸ್ತ್ರಿ ತರ ಕೆಲ್ಸ ಹಂಚ್ತಾನೆ, ಇವ್ರೆಲ್ಲ ಸಾಲಾಗಿ ನಿಂತು ಒಂದೇ ಏಟ್ಗೆ ಮಾಡಿ ಬಿಸಾಕ್ತಾರೆ."

"ಕೆಲ್ಸ ಮುಗಿದ್ಮೇಲೆ ಅಷ್ಟೂ ಜನ ಏನ್ಮಾಡ್ತಾರಪ್ಪ?"

"ಸುಮ್ನೆ ಕೂತಿರ್ತಾರೆ."

"ಕೂತಿದ್ದಕ್ಕೆ ಕೂಲಿ?"

"ಅಕ್ಕಾ, ಅವು ಚಿಪ್ಪು!"

ಹದಿನಾಲ್ಕು ಗಂಟೆಯ ಮದುವೆ ಒಂದೂಕಾಲು ಗಂಟೆಯಲ್ಲಿ ಮುಗಿಯಿತು. ಗಂಡ ಕೋಟೆ ಗೆದ್ದವನ ಹಾಗೆ ಮೀಸೆ ಸವರಿ, ಕರೆಂಟ್ ಉಳಿಸಲು ಮೆಷಿನ್ ಆರಿಸಿ, ಕಾಫಿ ಕೇಳಿದ. ಥರ್ಮಾಮೀಟರು ಮಧ್ಯಾಹ್ನಕ್ಕೆ ಇಪ್ಪತ್ತನಾಲ್ಕು, ಸಂಜೆಗೆ ಇಪ್ಪತ್ತೊಂದು, ಮಾರನೇ ಬೆಳಿಗ್ಗೆ ಹದಿನೆಂಟು. ಹಾಕಿದ ಸೊಪ್ಪು ಹಾಕಿದಂತೆಯೇ ಇತ್ತು. ಹುಳುಗಳು ಕದಲುತ್ತಿರಲಿಲ್ಲ.

"ಆ ಕಾರ್ಡ್ ಕಿತ್ತಾಕು," ಎಂದೆ.

"ಯಾಕೆ?"

"ಮೊದ್ಲಿನಂಗೆ ನಿಧಾನಕ್ಕೇ ಹೋಗ್ಲಿ."

"ಮೆಷಿನ್ ನಿಧಾನ ಮಾಡು ಅಂತ ಪ್ರಪಂಚದಲ್ಲಿ ಯಾವಳಾದ್ರೂ ಜಗಳ ಆಡ್ತಾಳೇನೇ?"

"ನನ್ ಹುಳ ಸಾಯ್ತಾ ಅವೆ ಕಣಯ್ಯ!"

"ನನ್ ಗಿರಾಕಿಗಳೂ ಸಾಯ್ತಾ ಅವ್ರೆ ಕಣೇ. ಆ ಗೌರಿಬಿದನೂರು ಪಾರ್ಟಿ ಡಿವಿಡಿ ಕೇಳೀ ಕೇಳೀ, ಮದ್ಮಗಳು ಬಾಣಂತನಕ್ಕೇ ಬಂದವ್ಳೆ."

ಮಾತುಕತೆ ಮುರಿದುಬಿತ್ತು. ನಾನು ನನಗೆ ಗೊತ್ತಿರುವ ಏಕೈಕ ವಿದ್ಯೆಯನ್ನು ಪ್ರಯೋಗಿಸಿದೆ. ಅಡುಗೆಮನೆ ಬಾಗಿಲಿಗೆ ಬೇಡಿಕೆ ಪತ್ರ ಅಂಟಿಸಿ, ಒಲೆ ಆರಿಸಿ, ಹೊಸ್ತಿಲ ಮೇಲೆ ಕೂತೆ. 'ಹುಳುವಿನ ಎರಡನೇ ಜ್ವರ ಕಳೆಯುವವರೆಗೆ ಮೆಷಿನ್ ನಿಲ್ಲಿಸಕೂಡದು.' ಗಂಡ ಕೈವಾರಕ್ಕೆ ಬಸ್ ಹತ್ತಿ ಅಲ್ಲಿಯ ಅನ್ನದಾನದಲ್ಲಿ ಉಂಡು ಬರುತ್ತೇನೆಂದು ಹೆದರಿಸಿದ. "ಹೋಗು, ರಾತ್ರಿ ಊಟಕ್ಕೂ ಅಲ್ಲೇ ಇರು," ಎಂದೆ. ಹನ್ನೊಂದು ಗಂಟೆಗೆ ಶರಣಾದ. ತಾನೇ ಒಪ್ಪಂದ ಬರೆದು ತಂದ. ಅಧಿಕಾರಿಗಳ ಒಪ್ಪಂದಗಳನ್ನು ಸಾಲು ಸಾಲಾಗಿ ಓದಿ ಹರಿದು ಹಾಕಿದ ನಾನು, ಗೆದ್ದ ಉಮೇದಿನಲ್ಲಿ ಗಂಡನದನ್ನು ಓದದೆ ಸಹಿ ಮಾಡಿದೆ.

"ಮೆಷಿನ್ ನಿಲ್ಸಲ್ಲ," ಎಂದ ಈತ, ಕಾಗದ ಜೇಬಿಗಿಟ್ಟು. "ಆದ್ರೆ ನನ್ ಹತ್ರ ಇರೋದು ಎರಡು ಮದ್ವೆ, ಒಂದು ಗೃಹಪ್ರವೇಶ. ನಿನ್ ನೂರಾ ಹನ್ನೆರಡು ಜನ ಸಂಜೆಯೊಳ್ಗೆ ಮುಗಿಸ್ತಾರೆ. ಆಮೇಲಿಂದಕ್ಕೆ ಸರಕು ತರೋದು ನಿನ್ ಜವಾಬ್ದಾರಿ. ಎರಡ್ನೇ ಕಲಂ, ಓದ್ಕೊ."

ಗೋಣಿಚೀಲ ಹಿಡಿದು ಹೊರಟೆ. ಸಂಘದ ಒಂದೊಂದು ಮನೆಯ ಟ್ರಂಕೂ ತೆಗೆಸಿದೆ. "ನಿಮ್ ಹಳೇ ವಿಡಿಯೋ ಕ್ಯಾಸೆಟ್ ಕೊಡ್ರೇ, ಬಿಟ್ಟಿ ಡಿವಿಡಿ ಮಾಡ್ಕೊಡ್ತೀನಿ!" ಮದುವೆ, ಸೀಮಂತ, ಕಿವಿ ಚುಚ್ಚಿದ್ದು, ಎಲ್ಲ ಸೇರಿ ಅರವತ್ಮೂರು ಕ್ಯಾಸೆಟ್ಟು. ಮನೆಗೆ ತಂದ ಮೇಲೆ ತಿಳಿಯಿತು: ಮೂರು ಗಂಟೆಯ ಕ್ಯಾಸೆಟ್ಟನ್ನು ಮೂರು ಗಂಟೆ ಓಡಿಸಿಯೇ ಕಂಪ್ಯೂಟರಿಗೆ ಇಳಿಸಬೇಕಂತೆ, ಅಲ್ಲಿ ಯಾವ ಕಾರ್ಡಿನ ಆಟವೂ ನಡೆಯುವುದಿಲ್ಲವಂತೆ. ಕೂತು ಕಾಯುವ ಕೆಲಸ ಯಾರದು? ಮೂರನೇ ಕಲಂ.

ವಿಸಿಆರು, ಟಿವಿ, ಕಂಪ್ಯೂಟರು, ಕಾರ್ಡು ನಾಲ್ಕೂ ಸೇರಿ ಉಸಿರುಬಿಟ್ಟವು. ಥರ್ಮಾಮೀಟರು ಮತ್ತೆ ಇಪ್ಪತ್ತೇಳು ಮುಟ್ಟಿತು. ಹುಳುಗಳು ತಲೆಯೆತ್ತಿದವು. ನಾನು ಒಂದು ಕೈಯಲ್ಲಿ ಸೊಪ್ಪು ಹಾಕುತ್ತ, ಇನ್ನೊಂದರಲ್ಲಿ ರಿಮೋಟು ಹಿಡಿದು, ಊರಿನ ಇಪ್ಪತ್ತು ವರ್ಷದ ಅಕ್ಷತೆಯನ್ನೆಲ್ಲ ಕಣ್ಣಲ್ಲೇ ಹಾಕಿಸಿಕೊಂಡೆ. ಎರಡನೇ ಜ್ವರ ಕಳೆಯಿತು, ಮೂರನೆಯದೂ ಕಳೆಯಿತು. ಕ್ಯಾಸೆಟ್ಟು ನಲವತ್ತೊಂದು ಮುಗಿದವು.

ನಾಲ್ಕನೇ ಜ್ವರದಿಂದ ಎದ್ದ ಹುಳು ಬೆರಳುದ್ದ ಆಗುತ್ತದೆ. ಅದಕ್ಕೆ ಬೇಕಾದ್ದು ತಂಪು ಮತ್ತು ಗಾಳಿ, ಕಾವು ತಗುಲಿದರೆ ರೋಗ. ತಟ್ಟೆಗಳು ನಡುಮನೆ, ಅಡುಗೆಮನೆ ಎಲ್ಲ ಆಕ್ರಮಿಸಿ, ನಾವು ಗಂಡ ಹೆಂಡತಿ ಜಗಲಿ ಸೇರಿದೆವು. ಮೆಷಿನ್ನಿನ ಪ್ಲಗ್ಗನ್ನು ನಾನೇ ಕಿತ್ತೆ.

ನಿನ್ನೆ ಬೆಳಿಗ್ಗೆ ಗೇಟಿನ ಬಳಿ ಗಲಾಟೆ. ನೋಡಿದರೆ ಸಂಘದ ಇಪ್ಪತ್ತೆರಡು ಹೆಂಗಸರು, ನಾನೇ ಹೊಲಿಸಿದ ಬ್ಯಾನರು, ಮುಂದೆ ಕೊಂಡಮ್ಮ. ಘೋಷಣೆ ಕೂಗುವಾಗ ಉಸಿರು ಎಲ್ಲಿ ಎಳೆಯಬೇಕೆಂದು ಅವಳಿಗೆ ಕಲಿಸಿದವಳು ನಾನು. ಚೆನ್ನಾಗಿಯೇ ಕಲಿತಿದ್ದಳು.

"ಕೊಂಡಮ್ಮಾ, ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು ಕಣೇ. ಮೆಷಿನ್ ಹಾಕಂಗಿಲ್ಲ. ಕ್ಯಾಸೆಟ್ ವಾಪಸ್ ತಗೊಂಡೋಗ್ರಿ."

"ಅದಂತಾ ನಾಕು ತೆಲೀದಮ್ಮಾ, ಅದೆಲ್ಲ ನಂಗೊತ್ತಿಲ್ಲ! ಅಮ್ಮಾಜಮ್ಮನ್ ಸೀಮಂತ ಡಿವಿಡಿ ಆಗೋಯ್ತು, ನನ್ ಮಗಳ ಮದ್ವೆ ಯಾಕಾಗ್ಲಿಲ್ಲ? ನಿನ್ ಹುಳಕ್ಕೆ ಚಳಿ ಆದಾಗ ನಮ್ ಮದ್ವೆ ಬೇಕಿತ್ತು, ಈಗ ಬೇಡ್ವಾ?"

ನನ್ನ ಬಾಯಿಂದ ಬಂದ ಮಾತನ್ನು ಹೇಳಲು ನಾಚಿಕೆಯಾಗುತ್ತದೆ. "ನಿಮ್ಮ ಬೇಡಿಕೆ ಪರಿಶೀಲಿಸ್ತೀವಿ. ನಾಳೆ ಬನ್ನಿ."

ಇಪ್ಪತ್ತೆರಡೂ ಬಾಯಿ ಒಟ್ಟಿಗೆ ನಕ್ಕ ಸದ್ದಿಗೆ ಪಕ್ಕದ ಮನೆಯ ಕೋಳಿಗಳು ಹಾರಿದವು. "ತಹಶೀಲ್ದಾರಮ್ಮಂಗೆ ಧಿಕ್ಕಾರ!" ಎಂದಳು ಕೊಂಡಮ್ಮ. ನನ್ನ ಗಂಡ, ಮದುವೆಯಾದಂದಿನಿಂದ ಒಂದು ಲೋಟ ತೊಳೆಯದ ಗಂಡ, ಜಗಲಿಯಲ್ಲಿ ಸ್ಟವ್ ಹಚ್ಚಿ ಚಳವಳಿಗಾರರಿಗೆಲ್ಲ ಚಹಾ ಕೊಟ್ಟ. ಆಮೇಲೆ ಕ್ಯಾಮೆರಾ ತಂದು, "ಕೊಂಡಮ್ಮಾ, ಧಿಕ್ಕಾರ ಇನ್ನೊಂದ್ಸಲ ಕೂಗು, ಬೆಳಕು ಈಗ ಚೆನ್ನಾಗದೆ," ಎಂದ. ಅವರು ಇವತ್ತೂ ಕೂತಿದ್ದಾರೆ. ಇಷ್ಟೆಲ್ಲ ತಂದಿಟ್ಟ ಕಾರ್ಡಿನ ಕೂಲಿ ಅದಕ್ಕೇ ಇನ್ನೂ ಬಾಕಿ.

ಆದ್ದರಿಂದ ಓದುಗರೇ, ಇದು ವಿನಂತಿಯಲ್ಲ, ಬೇಡಿಕೆ. ಈ ಮೆಷಿನ್ ಇಡಲು ಹತ್ತು ದಿನದ ಮಟ್ಟಿಗೆ ಒಂದು ಕೋಣೆ ಬೇಕು. ನಾಲ್ಕು ಪ್ಲಗ್ ಪಾಯಿಂಟ್, ಬಾಗಿಲಿಗೆ ಚಿಲಕ, ಇಷ್ಟಿದ್ದರೆ ಸಾಕು. ಚಿಕ್ಕಬಳ್ಳಾಪುರವಾಗಲಿ, ಚಿಂತಾಮಣಿಯಾಗಲಿ, ನನಗೆ ಎಲ್ಲ ಒಂದೇ. ಈ ಚಳಿಯಲ್ಲಿ ನಿಮಗೆ ಕಾವು ಪುಕ್ಕಟೆ, ಇಪ್ಪತ್ತೆರಡು ಕ್ಯಾಸೆಟ್ಟು ಕೂತು ಕಾಯುವ ಭಾಗ್ಯವೂ ನಿಮ್ಮದೇ. ನಾಡಿದ್ದು ಬೆಳಿಗ್ಗೆ ಏಳಕ್ಕೆ ಮೆಷಿನ್ ಹೊತ್ತ ಆಟೋ ಹೊರಡುತ್ತದೆ. ಯಾರ ಮನೆ ಮುಂದೆ ಇಳಿಸಲಿ? ಹೇಳಿ.